ಕ್ಯೂಬಾದ ಮಹಿಳೆಯರು: ಮೂರು ತಲೆಮಾರು, ಮೂರು ರಾಜಕೀಯ ದೃಷ್ಟಿ

ಒಂದೇ ಮನೆಯ ಅಜ್ಜಿ, ಮಗಳು, ಮೊಮ್ಮಗಳು ಒಂದೇ ಸರ್ಕಾರವನ್ನು ಮೂರು ಬಗೆಯಾಗಿ ಕಾಣುವುದುಂಟು. ಇದನ್ನು ಕೇವಲ ವಯೋಭೇದವೆಂದರೆ ಸಾಲದು. ಹರೆಯದಲ್ಲಿ ಕಂಡುಂಡ ಚಾರಿತ್ರಿಕ ಅನುಭವವೇ ತಲೆಮಾರಿನ ದೃಷ್ಟಿಯನ್ನು ರೂಪಿಸುತ್ತದೆಂಬುದು ಸಮಾಜಶಾಸ್ತ್ರಜ್ಞ ಕಾರ್ಲ್ ಮನ್‌ಹೈಮ್‌ನ ವಿಚಾರ. ಕ್ಯೂಬಾದ ಮಹಿಳೆಯರು ಇದಕ್ಕೆ ಉತ್ತಮ ನಿದರ್ಶನ.

1959ರ ಕ್ರಾಂತಿಯ ಹೊತ್ತಿಗೆ ಹರೆಯದಲ್ಲಿದ್ದವರದು ಮೊದಲ ತಲೆಮಾರು. 1960ರಲ್ಲಿ ವಿಲ್ಮಾ ಎಸ್ಪಿನ್ ನೇತೃತ್ವದಲ್ಲಿ ಕ್ಯೂಬಾ ಮಹಿಳಾ ಒಕ್ಕೂಟ ಸ್ಥಾಪನೆಯಾಯಿತು. ಮರುವರ್ಷದ ಸಾಕ್ಷರತಾ ಆಂದೋಲನದಲ್ಲಿ ಸುಮಾರು ಒಂದು ಲಕ್ಷ ಎಳೆಯರು ಹಳ್ಳಿಗಾಡಿಗೆ ತೆರಳಿ ಅಕ್ಷರ ಕಲಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹುಡುಗಿಯರು. ತಂದೆಯ ಅಪ್ಪಣೆಯಿಲ್ಲದೆ ಹೊಸ್ತಿಲು ದಾಟದಿದ್ದವಳು ಲಾಟೀನು ಹಿಡಿದು ಗುಡ್ಡಗಾಡಿಗೆ ಹೊರಟಳು. ಅವಳ ಪಾಲಿಗೆ ಕ್ರಾಂತಿಯೆಂದರೆ ಬಿಡುಗಡೆ. ಆದರೆ ಅದೇ ವಯಸ್ಸಿನ ಅನೇಕರು ಮನೆಮಾರು ತೊರೆದು ಮಯಾಮಿ ಸೇರಿದರು; ಅವರಿಗೆ ಅದೇ ಕ್ರಾಂತಿ ನಷ್ಟ.

ಎರಡನೆಯ ತಲೆಮಾರು ಕ್ರಾಂತಿಯ ಶಾಲೆಗಳಲ್ಲಿ ಬೆಳೆದದ್ದು. ಗಂಡನೂ ಮನೆಗೆಲಸದಲ್ಲಿ ಪಾಲುಗೊಳ್ಳಬೇಕೆಂದು 1975ರ ಕುಟುಂಬ ಸಂಹಿತೆ ವಿಧಿಸಿತು. ಕಾನೂನು ಬದಲಾದಷ್ಟು ಬೇಗ ಅಡುಗೆಮನೆ ಬದಲಾಗಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಅದರ ನೆರವು ನಿಂತಿತು. ‘ವಿಶೇಷ ಅವಧಿ’ ಎಂದು ಕರೆಯಲಾದ ಆ ದಿನಗಳಲ್ಲಿ ಆಹಾರ, ವಿದ್ಯುತ್ತು, ಸಾಬೂನು ಎಲ್ಲಕ್ಕೂ ಬರ. ಇದ್ದುದರಲ್ಲೇ ಸಂಸಾರ ತೂಗಿಸುವ ಹೊಣೆ ಹೆಣ್ಣಿನ ಹೆಗಲೇರಿತು. ಹೀಗಾಗಿ ಈ ತಲೆಮಾರಿನಲ್ಲಿ ಕೃತಜ್ಞತೆ, ದಣಿವು ಎರಡೂ ಬೆರೆತಿವೆ.

1990ರ ನಂತರ ಹುಟ್ಟಿದವರಿಗೆ ಕ್ರಾಂತಿ ಪಠ್ಯಪುಸ್ತಕದ ಪಾಠ. ಕೊರತೆ ನಿತ್ಯದ ಅನುಭವ. 2018ರ ಡಿಸೆಂಬರಿನಲ್ಲಿ ಮೊಬೈಲ್ ಅಂತರ್ಜಾಲ ಬಂದಮೇಲೆ ಅಧಿಕೃತ ಒಕ್ಕೂಟದ ಹೊರಗೂ ಮಾತಿಗೆ ವೇದಿಕೆ ದೊರೆಯಿತು. 2019ರಲ್ಲಿ 40 ಮಹಿಳೆಯರು ಲಿಂಗಾಧಾರಿತ ಹಿಂಸೆಯ ವಿರುದ್ಧ ಸಮಗ್ರ ಕಾನೂನು ಬೇಕೆಂದು ಸಂಸತ್ತಿಗೆ ಮನವಿ ಸಲ್ಲಿಸಿದರು. 2021ರ ಜುಲೈ 11ರ ಪ್ರತಿಭಟನೆಗಳಲ್ಲಿ ಯುವತಿಯರೂ ಬೀದಿಗಿಳಿದರು; ಬಂಧಿತರ ಬಿಡುಗಡೆಗಾಗಿ ತಾಯಂದಿರೂ ದನಿಯೆತ್ತಿದರು.

ಅಜ್ಜಿ ಹೋರಾಡಿ ಪಡೆದ ಶಿಕ್ಷಣ, ಉದ್ಯೋಗಗಳು ಮೊಮ್ಮಗಳಿಗೆ ಹುಟ್ಟಿನಿಂದಲೇ ಬಂದಿವೆ. ಆದ್ದರಿಂದ ಅಜ್ಜಿ ಇಂದಿನ ಸ್ಥಿತಿಯನ್ನು 1959ರ ಹಿಂದಿನ ದಿನಗಳೊಡನೆ ತೂಗಿದರೆ, ಮೊಮ್ಮಗಳು ತನಗೆ ದೊರೆಯಬೇಕಾಗಿದ್ದರೊಡನೆ ತೂಗುತ್ತಾಳೆ. ಕೃತಘ್ನತೆ ಎಂಬ ಮಾತು ಇಲ್ಲಿ ಸಲ್ಲದು, ಬೇರೆಯಾದದ್ದು ಅಳತೆಗೋಲು. ತಲೆಮಾರುಗಳ ಸಂಘರ್ಷವಿರುವ ಯಾವ ಕೃತಿಯನ್ನು ಓದುವಾಗಲೂ ವಿದ್ಯಾರ್ಥಿಗಳು ಮೊದಲು ಕೇಳಬೇಕಾದ ಪ್ರಶ್ನೆಯಿದು: ಈ ಪಾತ್ರ ಯಾವ ವಯಸ್ಸಿನಲ್ಲಿ ಏನನ್ನು ಪಡೆಯಿತು, ಏನನ್ನು ಕಳೆದುಕೊಂಡಿತು?