ಮಸೂರದ ಬೆಲೆಯೂ ಛಾಯಾಗ್ರಾಹಕನ ನಿಷ್ಠೆಯೂ

ಕೃಷ್ಣೆಯ ದಡದ ತುಬಚಿ ಜಮಖಂಡಿ ತಾಲೂಕಿನ ಒಂದು ಹಳ್ಳಿ. ಆ ಊರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಗ ಮದುವೆಗಳ ಛಾಯಾಚಿತ್ರ ತೆಗೆಯುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದಾನೆ. ಬಿಡುವಿನಲ್ಲಿ ಬೀಳಗಿಯ ಕಡೆಯ ಆಲಮಟ್ಟಿ ಹಿನ್ನೀರಿಗೆ ಹೋಗಿ ಹಕ್ಕಿಗಳನ್ನು ಚಿತ್ರಿಸುವುದೂ ಉಂಟು. ಮೊನ್ನೆ ಭೇಟಿಯಾದಾಗ ಅವನು ಕೇಳಿದನು: “ಸರ, ಲೆನ್ಸಿನ ರೇಟು ಏರಾಕತ್ತೈತಿ. ಆದ್ರೂ ಆ ಕಂಪನಿ ಬಿಡಾಕ ಬರವಲ್ದು. ಇದಕ್ಕ ನಿಮ್ಮ ಫಿಜಿಕ್ಸಿನ್ಯಾಗ ಏನರ ಉತ್ತರ ಐತೇನ್ರಿ?”

ಉತ್ತರವಿದೆ. ಬೆಲೆಯೇರಿದರೆ ಗಿರಾಕಿ ಬೇರೆ ಅಂಗಡಿಗೆ ಹೋಗುವನೆಂಬುದು ಸಂತೆಯ ಸಾಮಾನ್ಯ ನಿಯಮ. ಛಾಯಾಗ್ರಾಹಕನ ವಿಷಯದಲ್ಲಿ ಆ ನಿಯಮ ಅಷ್ಟು ಸರಳವಾಗಿ ನಡೆಯದು. ಏಕೆಂಬುದನ್ನು ವಿಚಾರಿಸೋಣ.

ಮೊದಲು, ಮಸೂರವು ಇಷ್ಟೊಂದು ತುಟ್ಟಿಯಾಗುವುದೇಕೆ? 50 ಮಿಲಿಮೀಟರ್ ಸಂಗಮದೂರದ ಮಸೂರವೊಂದರ ಮೇಲೆ ಎಫ್/1.8 ಎಂದು ಬರೆದಿದ್ದರೆ, ಬೆಳಕು ಹೊಗುವ ದ್ವಾರದ ವ್ಯಾಸ 50ನ್ನು 1.8ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 28 ಮಿ.ಮೀ. ಎಂದರ್ಥ. ಎಫ್/1.2 ಆದರೆ ವ್ಯಾಸ ಸುಮಾರು 42 ಮಿ.ಮೀ. ಆಗುವುದು. ವ್ಯಾಸ ಒಂದೂವರೆ ಪಟ್ಟಾದಾಗ ಬೆಳಕು 2.25 ಪಟ್ಟಾಗುತ್ತದೆ. ಆದರೆ ಆಕಾರವನ್ನು ಹಾಗೆಯೇ ಉಳಿಸಿಕೊಂಡರೆ ಗಾಜಿನ ಗಾತ್ರ ಮೂರೂಕಾಲು ಪಟ್ಟನ್ನೂ ಮೀರುತ್ತದೆ. ಹಕ್ಕಿಗಳಿಗಾಗಿ ಬಳಸುವ 600 ಮಿ.ಮೀ., ಎಫ್/4 ಮಸೂರಕ್ಕೆ 150 ಮಿ.ಮೀ. ವ್ಯಾಸದ ದ್ವಾರ ಬೇಕು. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದಂತೆ ಎರಕ ಹೊಯ್ದು, ಬೆಳಕಿನ ತರಂಗಾಂತರದ ಒಂದು ಅಂಶದಷ್ಟು ನಯವಾಗಿ ಉಜ್ಜುವುದು ಸುಲಭವಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಬರಿಯ ಗಾಜಿನ ಪ್ರತಿಯೊಂದು ಮೇಲ್ಮೈಯೂ ಬೀಳುವ ಬೆಳಕಿನ ಶೇಕಡಾ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಬಿಡಿ ಗಾಜುಗಳಿದ್ದರೆ ಮೇಲ್ಮೈಗಳು ಇಪ್ಪತ್ತು. ಕೊನೆಗೆ ಉಳಿಯುವುದು ಶೇಕಡಾ 44 ಮಾತ್ರ. 1935ರಲ್ಲಿ ಜರ್ಮನಿಯ ಸೈಸ್ ಸಂಸ್ಥೆಯ ಸ್ಮಾಕುಲ ಎಂಬವರು ಪ್ರತಿಫಲನವನ್ನು ತಗ್ಗಿಸುವ ತೆಳುಲೇಪನವನ್ನು ಕಂಡುಹಿಡಿದರು. ಪ್ರತಿ ಮೇಲ್ಮೈಯ ನಷ್ಟವನ್ನು ಅರ್ಧ ಶೇಕಡಕ್ಕೆ ಇಳಿಸಿದರೆ ಅದೇ ಮಸೂರದಿಂದ ಶೇಕಡಾ 90ರಷ್ಟು ಬೆಳಕು ಹಾಯುವುದು. ಇಂಥ ಪ್ರತಿಯೊಂದು ಉಪಾಯಕ್ಕೂ ಬೆಲೆ ತೆರಬೇಕಾಗುತ್ತದೆ.

ನಮ್ಮ ದೇಶದಲ್ಲಿ ಇದರ ಮೇಲೆ ನಾಣ್ಯದ ಭಾರವೂ ಸೇರುತ್ತದೆ. 2010ರಲ್ಲಿ ಒಂದು ಡಾಲರಿಗೆ ಸರಾಸರಿ 46 ರೂಪಾಯಿಗಳಷ್ಟಿದ್ದುದು 2023ರ ಹೊತ್ತಿಗೆ 82ನ್ನು ದಾಟಿತು. ಡಾಲರಿನಲ್ಲಿ ಬೆಲೆ ಒಂದಿಷ್ಟೂ ಏರದಿದ್ದರೂ, ಆಮದಾದ ವಸ್ತು ರೂಪಾಯಿಯಲ್ಲಿ ಸುಮಾರು 1.8 ಪಟ್ಟು ತುಟ್ಟಿಯಾದಂತಾಯಿತು.

ಹಾಗಾದರೆ ಛಾಯಾಗ್ರಾಹಕನು ಅಗ್ಗದ ಕಂಪನಿಯ ಮಸೂರವನ್ನು ಕೊಂಡು ತನ್ನ ಕ್ಯಾಮರಕ್ಕೆ ಏಕೆ ತೊಡಿಸಬಾರದು? ರಬಕವಿ-ಬನಹಟ್ಟಿಯ ನೇಕಾರನನ್ನು ಕೇಳಿರಿ. ಮಗ್ಗದ ಪೆಟ್ಟಿಗೆಗೆ ಹೊಂದದ ಲಾಳಿ ಎಷ್ಟು ಅಗ್ಗವಾದರೂ ಉಪಯೋಗವಿಲ್ಲವೆಂದು ಹೇಳುವನು. ಕ್ಯಾಮರದಲ್ಲಿಯೂ ಹಾಗೆಯೇ. ಮಸೂರ ಕೂಡುವ ಲೋಹದ ಬಳೆಗೆ ಮೌಂಟ್ ಎನ್ನುತ್ತಾರೆ. ಆ ಬಳೆಯಿಂದ ಚಿತ್ರ ಮೂಡುವ ಪಟಲದವರೆಗಿನ ಅಂತರವನ್ನು ಪ್ರತಿಯೊಂದು ಕಂಪನಿಯೂ ತನ್ನದೇ ರೀತಿಯಲ್ಲಿ ಗೊತ್ತುಮಾಡಿದೆ. ನಿಕಾನ್ ಕಂಪನಿಯು 1959ರಲ್ಲಿ ತಂದ ಎಫ್ ಮೌಂಟಿನಲ್ಲಿ ಈ ಅಂತರ 46.5 ಮಿ.ಮೀ.; ಕ್ಯಾನನ್ ಕಂಪನಿಯು 1987ರಲ್ಲಿ ತಂದ ಇಎಫ್ ಮೌಂಟಿನಲ್ಲಿ 44 ಮಿ.ಮೀ.

ವ್ಯತ್ಯಾಸ ಬರಿಯ ಎರಡೂವರೆ ಮಿಲಿಮೀಟರ್. ಅದರ ಪರಿಣಾಮವೆಷ್ಟೆಂಬುದನ್ನು ವಾಚಕರು ತಾವೇ ಲೆಕ್ಕ ಹಾಕಬಹುದು. ಕ್ಯಾನನ್ನಿನ 50 ಮಿ.ಮೀ. ಮಸೂರವನ್ನು ಹೇಗೋ ನಿಕಾನ್ ಕ್ಯಾಮರಕ್ಕೆ ಕೂಡಿಸಿದೆವೆನ್ನಿ. ದೂರದ ವಸ್ತುಗಳಿಗೆ ಹೊಂದಿಸಿದ ಆ ಮಸೂರವು ಈಗ ಪಟಲದಿಂದ 52.5 ಮಿ.ಮೀ. ದೂರ ನಿಂತಂತಾಯಿತು. ಮಸೂರದ ಸೂತ್ರದಂತೆ, 50ರ ವಿಲೋಮದಿಂದ 52.5ರ ವಿಲೋಮವನ್ನು ಕಳೆದರೆ ವಸ್ತುವಿನ ದೂರದ ವಿಲೋಮ ದೊರೆಯುವುದು. ಆ ದೂರ 1050 ಮಿ.ಮೀ. ಅಂದರೆ ಒಂದು ಮೀಟರಿಗೆ ತುಸು ಹೆಚ್ಚು ದೂರವಿರುವುದು ಮಾತ್ರ ಸ್ಪಷ್ಟವಾಗುವುದು. ಅದರಾಚೆಗಿನ ಮದುವೆಯ ಹಂದರವೆಲ್ಲ ಮಸುಕು! ಎದುರು ದಿಕ್ಕಿನಲ್ಲಿ, ನಿಕಾನ್ ಮಸೂರವನ್ನು ಕ್ಯಾನನ್ ಕ್ಯಾಮರಕ್ಕೆ ಕೂಡಿಸಲು 2.5 ಮಿ.ಮೀ. ದಪ್ಪದ ಬಳೆಯೊಂದಿದ್ದರೆ ಸಾಕು. ಆದರೆ ಇಎಫ್ ಮೌಂಟಿನಲ್ಲಿ ಮಸೂರವೂ ಕ್ಯಾಮರವೂ ವಿದ್ಯುತ್ ಸಂಕೇತಗಳಿಂದಲೇ ಮಾತನಾಡುತ್ತವೆ. ಬರಿಯ ಬಳೆಗೆ ಆ ಭಾಷೆ ತಿಳಿಯದು.

ಇನ್ನು ಹಣದ ಲೆಕ್ಕ. ನಮ್ಮ ಗೆಳೆಯನ ಬಳಿ ಒಂದು ಕ್ಯಾಮರ, ಮೂರು ಮಸೂರಗಳಿವೆ. ಎಲ್ಲವನ್ನೂ ಮಾರಿದರೆ 1,20,000 ರೂಪಾಯಿ ಬರುತ್ತದೆ. ಬೇರೆ ಕಂಪನಿಯಲ್ಲಿ ಅಂಥದೇ ಸಾಮಗ್ರಿಗೆ 2,50,000 ಬೇಕು ಎಂದಿಟ್ಟುಕೊಳ್ಳೋಣ. ಕಂಪನಿ ಬದಲಿಸುವುದಕ್ಕೆ 1,30,000 ರೂಪಾಯಿ ಖರ್ಚು. ಅವನಿಗೆ ಬೇಕಾದ ನಾಲ್ಕನೆಯ ಮಸೂರದ ಬೆಲೆ 60,000ದಿಂದ 72,000ಕ್ಕೆ ಏರಿತು. ಎದುರಾಳಿಯ ಮಸೂರ 60,000ದಲ್ಲಿಯೇ ನಿಂತಿತು. ಬದಲಿಸಿದರೆ ಉಳಿಯುವುದು 12,000 ಮಾತ್ರ. ಇಂಥ ಹನ್ನೊಂದು ಮಸೂರಗಳನ್ನು ಕೊಳ್ಳುವವನಿಗೆ ಮಾತ್ರ ಬದಲಾವಣೆ ಲಾಭದಾಯಕ. ಹೊರಗಿನವರು ಇದನ್ನು ನಿಷ್ಠೆಯೆಂದು ಕರೆಯುತ್ತಾರೆ. ವಾಸ್ತವದಲ್ಲಿ ಬಹುಮಟ್ಟಿಗೆ ಇದು ಕಟ್ಟು.

ಆದಕಾರಣ ಬೆಲೆಯೇರಿಕೆಯ ಮೊದಲ ಪರಿಣಾಮ ವಲಸೆಯಲ್ಲ, ತಡೆ. ಛಾಯಾಗ್ರಾಹಕನು ಖರೀದಿಯನ್ನು ಮುಂದೂಡುತ್ತಾನೆ, ಬಳಸಿದ ಮಸೂರವನ್ನು ಹುಡುಕುತ್ತಾನೆ, ಬಾಡಿಗೆಗೆ ತರುತ್ತಾನೆ, ಇಲ್ಲವೆ ಅದೇ ಮೌಂಟಿಗೆ ಟ್ಯಾಮ್ರಾನ್, ಸಿಗ್ಮಾ ಮೊದಲಾದ ಕಂಪನಿಗಳು ಮಾಡುವ ಮಸೂರವನ್ನು ಕೊಳ್ಳುತ್ತಾನೆ. ಕ್ಯಾಮರವನ್ನು ಬಿಡದೆ ಮಸೂರದಲ್ಲಿ ಮಾತ್ರ ನಿಷ್ಠೆ ಸಡಿಲಿಸುವ ದಾರಿ ಇದು. ಈ ದಾರಿಯನ್ನು ತೆರೆಯುವುದೂ ಮುಚ್ಚುವುದೂ ಕ್ಯಾಮರ ಕಂಪನಿಯ ಕೈಯಲ್ಲಿದೆ. ಸೋನಿ 2011ರಲ್ಲಿ ತನ್ನ ಇ ಮೌಂಟಿನ ಮೂಲ ವಿವರಗಳನ್ನು ಇತರ ತಯಾರಕರಿಗೆ ಶುಲ್ಕವಿಲ್ಲದೆ ಒದಗಿಸಿತು. ಕ್ಯಾನನ್ನಿನ ಆರ್‌ಎಫ್ ಮೌಂಟ್ 2018ರಲ್ಲಿ ಬಂದರೂ, ಅದಕ್ಕೆ ಅನುಮತಿ ಪಡೆದ ಸಿಗ್ಮಾ, ಟ್ಯಾಮ್ರಾನ್ ಮಸೂರಗಳ ಪ್ರಕಟಣೆ ಹೊರಬಿದ್ದುದು 2024ರಲ್ಲಿ.

ಕಟ್ಟು ತಾನಾಗಿ ಬಿಚ್ಚುವ ಗಳಿಗೆಯೂ ಉಂಟು. ಕಂಪನಿಯೇ ಮೌಂಟನ್ನು ಬದಲಿಸಿದಾಗ ಹಳೆಯ ಗಿರಾಕಿಯೂ ಹೊಸಬನಂತೆ ಎಲ್ಲ ಬೆಲೆಗಳನ್ನು ತೂಗಿನೋಡುತ್ತಾನೆ. 1987ರಲ್ಲಿ ಕ್ಯಾನನ್ ತನ್ನ ಎಫ್‌ಡಿ ಮೌಂಟನ್ನು ಕೈಬಿಟ್ಟಾಗ ಹಳೆಯ ಮಸೂರಗಳು ಹೊಸ ಕ್ಯಾಮರಗಳಿಗೆ ನೇರವಾಗಿ ಹೊಂದಲಿಲ್ಲ. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಹೊಸ ಮೌಂಟುಗಳನ್ನು ತಂದಾಗ, ಹಳೆಯ ಮಸೂರಗಳಿಗೆ ಒಪ್ಪುವ ಬಳೆಗಳನ್ನೂ ಜೊತೆಗೇ ಒದಗಿಸಿದುವು. ನಿಕಾನ್ ಝಡ್ ಮೌಂಟಿನ ಅಂತರ 16 ಮಿ.ಮೀ. ಮಾತ್ರವಾದುದರಿಂದ ನಡುವೆ 30.5 ಮಿ.ಮೀ. ಬಳೆಗೆ ಸ್ಥಳವಿತ್ತು. ಗಿರಾಕಿಯನ್ನು ಉಳಿಸಿಕೊಂಡದ್ದರಲ್ಲಿ ಆ ಸ್ಥಳದ ಪಾಲೂ ಇದೆ.

ವಿದ್ಯಾರ್ಥಿ ಮಿತ್ರರಲ್ಲಿ ಈ ವೃತ್ತಿಗೆ ಇಳಿಯುವವರು, ಸಾಲ ತೆಗೆಯುವವರು ಇರಬಹುದು. ಮೊದಲ ಕ್ಯಾಮರವನ್ನು ಕೊಳ್ಳುವ ದಿನ ನೀವು ಯಾರಿಗೂ ಕಟ್ಟುಬಿದ್ದಿರುವುದಿಲ್ಲ. ಅಂದು ಕ್ಯಾಮರದ ಬೆಲೆಯೊಂದನ್ನೇ ನೋಡದೆ, ಮುಂದೆ ಬೇಕಾಗುವ ನಾಲ್ಕು ಮಸೂರಗಳ ಬೆಲೆಯನ್ನೂ, ಆ ಮೌಂಟಿಗೆ ಬೇರೆಯವರ ಮಸೂರ ದೊರೆಯುವುದೇ ಎಂಬುದನ್ನೂ ಬರೆದುಕೊಂಡು ಕೂಡಿಸಿರಿ. ತುಬಚಿಯ ಗೆಳೆಯನಿಗೆ ನಾನು ಹೇಳಿದುದೂ ಇಷ್ಟೇ. ಅವನು ಆ ಲೆಕ್ಕವನ್ನು ಈಗ ತಮ್ಮನಿಗಾಗಿ ಹಾಕುತ್ತಿದ್ದಾನೆ.