ನಲವತ್ತು ದಾಟಿದ ಮೇಲೆ ಹೇಳಿಕೊಳ್ಳುವ ಲಿಂಗತ್ವ

ಹುಟ್ಟಿದಾಗ ಗಂಡೆಂದು ಬರೆಸಿದವರು ಒಳಗೆ ಹೆಣ್ಣಾಗಿರಬಹುದು. ಹೆಣ್ಣೆಂದು ಬರೆಸಿದವರು ಗಂಡಾಗಿರಬಹುದು. ಚಿಕ್ಕಂದಿನಲ್ಲೇ ಇದು ಗೊತ್ತಾದರೂ ಎಷ್ಟೋ ಜನ ಬಾಯಿಬಿಟ್ಟು ಹೇಳುವುದು ಮದುವೆಯಾಗಿ, ಮಕ್ಕಳು ಬೆಳೆದ ಮೇಲೆ. ಕಲಬುರಗಿ ಜಿಲ್ಲೆಯ ಆಡಕಿಯಂಥ ಊರಿನಲ್ಲಿ ಪಹಣಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಹಳೆಯ ಹೆಸರಿನಲ್ಲೇ ಇರುತ್ತವೆ. ತಡವಾಗುವುದು ಹೇಡಿತನದಿಂದಲ್ಲ, ಮನೆ, ಹೊಲ, ಮಕ್ಕಳು ಕೈತಪ್ಪಿ ಹೋಗಬಹುದು ಎಂಬ ಭಯದಿಂದ.

ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ತೀರ್ಪು ಕೊಟ್ಟಿತು. ಅದಕ್ಕಾಗಿ ಶಸ್ತ್ರಚಿಕಿತ್ಸೆಗೆ ಒತ್ತಾಯಿಸುವುದು ಕಾನೂನುಬಾಹಿರ ಎಂದೂ ಹೇಳಿತು. ಇಂಥವರಿಗೆ, ಅಂದರೆ ಲಿಂಗತ್ವ ಅಲ್ಪಸಂಖ್ಯಾತರಿಗೆ, ಗುರುತಿನ ಪ್ರಮಾಣಪತ್ರ ಕೊಡುವ ಹೊಣೆಯನ್ನು ಅವರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಜಿಲ್ಲಾಧಿಕಾರಿಗೆ ವಹಿಸಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯವರಿಗೆ ಆ ಕಚೇರಿ ಕಲಬುರಗಿಯಲ್ಲಿದೆ. ಕಾಯ್ದೆಯಲ್ಲಿ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಅರವತ್ತರಲ್ಲಿ ಹೇಳಿಕೊಂಡವರೂ ಇಪ್ಪತ್ತರವರಷ್ಟೇ ಹಕ್ಕುದಾರರು.

ಮನೆಯವರೂ ಊರಿನವರೂ ತಿಳಿದಿರಲೇಬೇಕಾದ ಮಾತು ಇನ್ನೊಂದಿದೆ. ಲಿಂಗತ್ವ ಅಲ್ಪಸಂಖ್ಯಾತರನ್ನು ಮನೆ ಅಥವಾ ಊರು ಬಿಡುವಂತೆ ಬಲವಂತ ಮಾಡುವುದು ಅದೇ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಪರಾಧ. ಅದಕ್ಕೆ ಕಾಯ್ದೆ ಇಟ್ಟ ಶಿಕ್ಷೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಜೊತೆಗೆ ದಂಡ.