ಮೂತ್ರಪಿಂಡದ ನಾಳದೋಷವೂ ತಕ್ಕ ವೈದ್ಯರೂ

ಮೂತ್ರಪಿಂಡದ ರೋಗವೆಂದೊಡನೆ ನಮ್ಮ ಜನರು ಕಲ್ಲನ್ನೂ ಡಯಾಲಿಸಿಸ್ ಯಂತ್ರವನ್ನೂ ನೆನೆಯುವುದು ವಾಡಿಕೆ. ರಕ್ತದಲ್ಲಿ ಕ್ರಿಯೇಟಿನಿನ್ ಪ್ರಮಾಣವು ಸರಿಯಾಗಿದೆಯೆಂದು ಪರೀಕ್ಷೆಯ ಚೀಟಿ ಬಂದಿತೆಂದರೆ ರೋಗವೇ ಇಲ್ಲವೆಂದು ನಿಶ್ಚಯಿಸಿ ಮನೆಗೆ ಮರಳುತ್ತಾರೆ. ಈ ನೆಮ್ಮದಿಯು ಕೆಲವು ವೇಳೆ ಹುಸಿಯಾದುದೆಂಬುದನ್ನು ಟಿ. ದಾಸರಹಳ್ಳಿಯ ನಾಗರಿಕರ ಗಮನಕ್ಕೆ ತರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳೂ, ಪ್ರತಿಯೊಂದು ಜರಡಿಗೆ ಸೇರಿದ ಒಂದೊಂದು ನಾಳವೂ ಇವೆ. ಜರಡಿಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸುತ್ತವೆ. ಹೊರಬೀಳುವ ಮೂತ್ರವಾದರೋ ಒಂದೂವರೆ ಲೀಟರಿನಷ್ಟು ಮಾತ್ರ. ಮಿಕ್ಕ ನೀರು, ಉಪ್ಪು, ಸಕ್ಕರೆ, ಕ್ಷಾರಗಳನ್ನು ದೇಹಕ್ಕೆ ಮರಳಿಸುವುದೂ ಹೆಚ್ಚಿನ ಆಮ್ಲವನ್ನು ಹೊರದೂಡುವುದೂ ನಾಳಗಳ ಕಾರ್ಯ. ಕ್ರಿಯೇಟಿನಿನ್ ಪರೀಕ್ಷೆಯು ಜರಡಿಯ ಸ್ಥಿತಿಯನ್ನು ಹೇಳುವುದೇ ಹೊರತು ನಾಳದ ಸ್ಥಿತಿಯನ್ನಲ್ಲ. ಆದುದರಿಂದ ನಾಳವು ಕೆಟ್ಟಿದ್ದರೂ ಆ ಸಂಖ್ಯೆಯು ಬಹುಕಾಲ ಸರಿಯಾಗಿಯೇ ತೋರಬಹುದು.

ಪರಿಣಾಮವು ಅಲ್ಪವಾದುದಲ್ಲ. ಆಮ್ಲವು ದೇಹದಲ್ಲೇ ಉಳಿದರೆ ಮೂಳೆಯ ಸುಣ್ಣವು ಕರಗುತ್ತದೆ. ಮಗು ಬೆಳೆಯದು, ಕಾಲುಗಳು ಬಾಗುವುವು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವುದು. ಪೊಟ್ಯಾಸಿಯಂ ಸೋರಿಹೋದರೆ ರಾತ್ರಿ ಚೆನ್ನಾಗಿ ಮಲಗಿದವನು ಬೆಳಗ್ಗೆ ಕೈಕಾಲು ಎತ್ತಲಾರದೆ ಹೋಗುವುದುಂಟು. ಮಗುವಿಗೆ ಟಾನಿಕ್ಕು, ದೊಡ್ಡವನಿಗೆ ಪಾರ್ಶ್ವವಾಯುವಿನ ಶಂಕೆ, ಹೀಗೆ ಅಮೂಲ್ಯವಾದ ಕಾಲವು ಕಳೆಯುತ್ತದೆ.

ಈ ದೋಷವು ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ; ಕೆಲವರಿಗೆ ಬೇರೆ ರೋಗಗಳಿಂದ, ಔಷಧಗಳಿಂದ, ವಿಷಲೋಹಗಳಿಂದ ಉಂಟಾಗುತ್ತದೆ. ಜಪಾನಿನ ಜಿಂಜು ನದಿಯ ದಡದಲ್ಲಿ ಗಣಿಯ ಕ್ಯಾಡ್ಮಿಯಂ ಜನರ ನಾಳಗಳನ್ನೂ ಮೂಳೆಗಳನ್ನೂ ಕೆಡಿಸಿದುದನ್ನು ಆ ಸರ್ಕಾರವು 1968ರಲ್ಲಿ ಒಪ್ಪಿಕೊಂಡಿತು. ದಾಸರಹಳ್ಳಿಯ ಮಗ್ಗುಲಲ್ಲೇ ಪೀಣ್ಯದ ಕೈಗಾರಿಕಾ ಪ್ರದೇಶವಿದೆ. ರೋಗಕ್ಕೆ ಅದೇ ಕಾರಣವೆಂದು ನಾವು ಹೇಳುತ್ತಿಲ್ಲ. ಲೋಹಲೇಪನದ ಕೆಲಸ ಮಾಡುವವರು ತಮ್ಮ ಕಸುಬನ್ನು ವೈದ್ಯರಿಗೆ ಮೊದಲೇ ತಿಳಿಸಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

ಪ್ರಾರಂಭದ ಪರೀಕ್ಷೆಗಳು ಸಾಮಾನ್ಯವಾದುವೇ: ರಕ್ತದ ಪೊಟ್ಯಾಸಿಯಂ, ಕ್ಲೋರೈಡ್, ಬೈಕಾರ್ಬನೇಟ್, ರಂಜಕ, ಮೂತ್ರದ ಆಮ್ಲತೆ ಮತ್ತು ಸಕ್ಕರೆ. ಚಿಕಿತ್ಸೆಯೂ ಅನೇಕರಿಗೆ ದುಬಾರಿಯಲ್ಲ; ಆಮ್ಲದೋಷಕ್ಕೆ ಅಡುಗೆ ಸೋಡದ ಜಾತಿಯ ಕ್ಷಾರವೂ ಪೊಟ್ಯಾಸಿಯಂ ಸಿಟ್ರೇಟೂ ಮುಖ್ಯ ಔಷಧಗಳು. ಆದರೆ ಅಳತೆ ತಪ್ಪಿದರೆ ಪೊಟ್ಯಾಸಿಯಂ ಪ್ರಾಣಕ್ಕೇ ಎರವಾದೀತು. ಸ್ವಂತ ಚಿಕಿತ್ಸೆ ಸಲ್ಲದು.

ಹಾಗಾದರೆ ಯಾರಲ್ಲಿಗೆ ಹೋಗಬೇಕು? ಯುರಾಲಜಿಸ್ಟರು ಶಸ್ತ್ರವೈದ್ಯರು, ಕಲ್ಲು ತೆಗೆಯುವುದು, ಅಡ್ಡಿ ಬಿಡಿಸುವುದು ಅವರ ಕೆಲಸ. ನಾಳದೋಷವನ್ನು ಅರಿತು ಔಷಧ ಕೊಡುವವರು ನೆಫ್ರಾಲಜಿಸ್ಟರು. ಮಕ್ಕಳಿಗೆ ಮಕ್ಕಳ ನೆಫ್ರಾಲಜಿಸ್ಟರೇ ತಕ್ಕವರು. ಕಲ್ಲು ಮತ್ತೆ ಮತ್ತೆ ಕಟ್ಟುವವರು ತೆಗೆಸಿಕೊಂಡು ಸುಮ್ಮನಾಗದೆ ಕಟ್ಟುವ ಕಾರಣವನ್ನೂ ಕೇಳತಕ್ಕದ್ದು. ದಾಸರಹಳ್ಳಿಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿದವರು ಹಸಿರು ಮಾರ್ಗದಲ್ಲೇ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಬಂದಿಳಿಯಬಹುದು. ಸಮೀಪದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆಯಿದೆ. ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ನೆಫ್ರಾಲಜಿ ವಿಭಾಗವುಂಟು. ಹಳೆಯ ಚೀಟಿಗಳನ್ನೂ ಮಗುವಿನ ಎತ್ತರ ತೂಕಗಳ ಲೆಕ್ಕವನ್ನೂ ಸೇವಿಸುವ ಔಷಧಗಳ ಪಟ್ಟಿಯನ್ನೂ ಜೊತೆಗೆ ಒಯ್ಯಬೇಕು.

ಬಡಾವಣೆಯ ವೈದ್ಯರ ಹೊಣೆಯೂ ಇಲ್ಲಿ ದೊಡ್ಡದು. ಬೆಳೆಯದ ಮಗುವನ್ನು, ಪದೇ ಪದೇ ನಿತ್ರಾಣಗೊಳ್ಳುವ ಕೂಲಿಕಾರನನ್ನು ಕಂಡಾಗ ಅವರು ಈ ದೋಷವನ್ನು ಒಮ್ಮೆ ನೆನೆದು ತಕ್ಕವರಲ್ಲಿಗೆ ಕಳುಹಿಸಿದರೆ, ಬಾಗಬೇಕಾಗಿದ್ದ ಎಷ್ಟೋ ಕಾಲುಗಳು ನೆಟ್ಟಗೆ ನಡೆದಾವು.